ಉಗ್ರಾಣದಿಂದ ಅಂಗಡಿಯವರೆಗೆ: ಬೃಹತ್ ಚಿಲ್ಲರೆ ವಾಣಿಜ್ಯದಲ್ಲಿ ಪೂರೈಕೆಯ ಸರಪಳಿ

ಕೊಳ್ಳುವುದು, ಮಾರುವುದು ಇವೆರಡೇ ವ್ಯಾಪಾರವೆಂಬುದು ಲೋಕರೂಢಿಯ ತಿಳಿವಳಿಕೆ. ಆದರೆ ಕೊಂಡ ಸರಕು ಮಾರಾಟದ ಸ್ಥಳವನ್ನು ತಲಪುವವರೆಗೆ ನಡೆಯುವ ಕಾರ್ಯಪರಂಪರೆಯೊಂದು ಈ ಎರಡರ ನಡುವೆ ಅಡಗಿರುತ್ತದೆ. ಅಡಗಿರುವುದರಿಂದಲೇ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಾಬೂನಿನ ಒಂದು ಬಿಲ್ಲೆಯು ಕಾರ್ಖಾನೆಯಿಂದ ಹೊರಟು, ಉಗ್ರಾಣವನ್ನು ಹೊಕ್ಕು, ಲಾರಿಯನ್ನೇರಿ, ಅಂಗಡಿಯ ಹಲಗೆಯ ಮೇಲೆ ಕುಳಿತು, ಕಡೆಗೆ ಗ್ರಾಹಕನ ಕೈಸೇರುವ ಈ ಸಮಗ್ರ ಪಯಣಕ್ಕೆ ವಾಣಿಜ್ಯಶಾಸ್ತ್ರಜ್ಞರು ‘ಪೂರೈಕೆಯ ಸರಪಳಿ’ ಎಂಬ ಹೆಸರನ್ನಿತ್ತಿದ್ದಾರೆ. ಈ ಪರಿಭಾಷೆಯು ಪ್ರಚಾರಕ್ಕೆ ಬಂದುದು ಇಪ್ಪತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ.

ಹೆಸರು ಹೊಸತಾದರೂ ವಿಷಯವು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ನೆಲದ ಹಾದಿಯಿಂದಲೂ ಜಲಮಾರ್ಗದಿಂದಲೂ ಬರುವ ನಾನಾ ವಿಧದ ಸರಕುಗಳ ಬೆಲೆಯ ತಾರತಮ್ಯವನ್ನು ಮಾತ್ರವಲ್ಲದೆ, ಅವುಗಳ ಪ್ರಿಯಾಪ್ರಿಯತೆಯನ್ನೂ, ಎಂದರೆ ಜನರಿಗೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನೂ ಅವನು ಅರಿತಿರಬೇಕೆಂದು ಅಲ್ಲಿ ವಿಧಿಸಲಾಗಿದೆ. ಇಂದಿನ ಬೃಹತ್ ವಾಣಿಜ್ಯ ಸಂಸ್ಥೆಗಳು ಕೋಟ್ಯಂತರ ಡಾಲರುಗಳನ್ನು ವ್ಯಯಿಸಿ ಗಣಕಯಂತ್ರಗಳಿಂದ ಪಡೆಯಬಯಸುವುದು ಈ ಪ್ರಿಯಾಪ್ರಿಯತೆಯ ಜ್ಞಾನವನ್ನೇ. ಅದನ್ನು ಎಲ್ಲರಿಗಿಂತ ಮೊದಲು ಪಡೆದು, ಎಲ್ಲರಿಗಿಂತ ಬೇಗನೆ ಅದರಂತೆ ಸರಕನ್ನು ಸಾಗಿಸಬಲ್ಲವನಿಗೆ ಪೈಪೋಟಿಯಲ್ಲಿ ಎಂತಹ ಮೇಲುಗೈ ದೊರೆಯುತ್ತದೆಂಬುದಕ್ಕೆ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. ವಾಣಿಜ್ಯಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರಿಗೆ ಈ ಚರಿತ್ರೆಯು ಹಲವು ದೃಷ್ಟಿಗಳಿಂದ ಉಪಯುಕ್ತವಾದುದು.

1962ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಮೂರು ರಿಯಾಯಿತಿ ದರದ ಮಳಿಗೆಗಳು ಹುಟ್ಟಿಕೊಂಡವು: ಮಿಷಿಗನ್ ಪ್ರಾಂತದಲ್ಲಿ ಕೆ-ಮಾರ್ಟ್, ಮಿನಸೋಟದಲ್ಲಿ ಟಾರ್ಗೆಟ್, ಅರ್ಕನ್ಸಾದ ರಾಜರ್ಸ್ ಎಂಬ ಚಿಕ್ಕ ಊರಿನಲ್ಲಿ ವಾಲ್‌ಮಾರ್ಟ್. ಮೊದಲಿನ ಎರಡಕ್ಕೂ ಹಿಂದೆ ಸಿರಿವಂತ ಸಂಸ್ಥೆಗಳ ಬೆಂಬಲವಿತ್ತು. ಮೂರನೆಯದರ ಸ್ಥಾಪಕನಾದ ಸ್ಯಾಮ್ ವಾಲ್ಟನ್ 1945ರಲ್ಲಿ ನ್ಯೂಪೋರ್ಟ್ ಎಂಬ ಊರಿನಲ್ಲಿ ಒಂದು ಅಂಗಡಿಯನ್ನು ಬಾಡಿಗೆಗೆ ಹಿಡಿದು, ಐದು ವರ್ಷಗಳಲ್ಲಿ ಅದನ್ನು ಊರ್ಜಿತಗೊಳಿಸಿ, ಕಟ್ಟಡದ ಒಡೆಯನು ಗೇಣಿಯನ್ನು ಮುಂದುವರಿಸಲೊಪ್ಪದ ಕಾರಣ ಅದನ್ನು ಕಳೆದುಕೊಂಡು, ಸುಮಾರು ಮೂರು ಸಾವಿರ ಜನಸಂಖ್ಯೆಯ ಬೆಂಟನ್‌ವಿಲ್‌ಗೆ ವಲಸೆ ಬಂದಿದ್ದವನು. ನ್ಯೂಪೋರ್ಟಿನ ದಿನಗಳಲ್ಲೇ ಆತನು ತನ್ನ ಕಾರಿನ ಹಿಂದೆ ಗಾಡಿಯೊಂದನ್ನು ಕಟ್ಟಿಕೊಂಡು ಪಕ್ಕದ ಟೆನೆಸಿ ಪ್ರಾಂತಕ್ಕೆ ಹೋಗಿ, ಅಗ್ಗವಾಗಿ ದೊರೆತ ಸರಕನ್ನು ತಾನೇ ಹೇರಿಕೊಂಡು ಬರುತ್ತಿದ್ದನು. ಮುಂದೆ ಮಹಾವೃಕ್ಷವಾಗಿ ಬೆಳೆದ ವ್ಯವಸ್ಥೆಯ ಬೀಜವು ಆ ಗಾಡಿಯಲ್ಲಿತ್ತೆಂದರೆ ಅತಿಶಯೋಕ್ತಿಯಾಗದು.

ದೊಡ್ಡ ನಗರಗಳ ಅಂಗಡಿಗಳಿಗೆ ಸಗಟು ವರ್ತಕರು ತಾವಾಗಿಯೇ ಸರಕನ್ನು ತಂದೊಪ್ಪಿಸುತ್ತಿದ್ದರು. ಅರ್ಕನ್ಸಾದ ಒಳನಾಡಿನ ಸಣ್ಣ ಊರುಗಳತ್ತ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಆದಕಾರಣ ವಾಲ್ಟನ್ 1970ರ ಸುಮಾರಿಗೆ ಬೆಂಟನ್‌ವಿಲ್‌ನಲ್ಲಿ ಸ್ವಂತ ಉಗ್ರಾಣವನ್ನು ಕಟ್ಟಿಸಬೇಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಇತರರು ಅಂಗಡಿಗಳನ್ನು ಮೊದಲು ತೆರೆದು, ಅವುಗಳಿಗೆ ಸರಕು ಒದಗಿಸುವ ಬಗೆಯನ್ನು ಅನಂತರ ಆಲೋಚಿಸುತ್ತಿದ್ದರು. ವಾಲ್‌ಮಾರ್ಟ್ ಈ ಕ್ರಮವನ್ನು ತಿರುವುಮುರುವು ಮಾಡಿತು. ಉಗ್ರಾಣದಿಂದ ಲಾರಿಯು ಒಂದು ದಿನದಲ್ಲಿ ಹೋಗಿ ತಲಪಬಹುದಾದ ವರ್ತುಲದೊಳಗೆ ಮಾತ್ರವೇ ಹೊಸ ಅಂಗಡಿಯನ್ನು ತೆರೆಯುವುದು. ಆ ವರ್ತುಲವು ತುಂಬಿದ ಮೇಲೆಯೇ ಮುಂದಿನ ಉಗ್ರಾಣಕ್ಕೆ ಕೈಹಾಕುವುದು. ಬೆಳವಣಿಗೆಯು ಹೀಗೆ ಎಣ್ಣೆಯ ಬಿಂದು ಬಟ್ಟೆಯ ಮೇಲೆ ಹರಡುವಂತೆ ನಡೆಯಿತು. ಎಪ್ಪತ್ತರ ದಶಕದ ಅಂತ್ಯದಲ್ಲಿ ಕೆ-ಮಾರ್ಟ್‌ಗೆ ದೇಶದುದ್ದಕ್ಕೂ ಸುಮಾರು 1,900 ಮಳಿಗೆಗಳಿದ್ದವು. ವಾಲ್‌ಮಾರ್ಟ್‌ಗೆ ಮುನ್ನೂರೂ ಇರಲಿಲ್ಲ. ಆದರೆ ಆ ಮುನ್ನೂರಕ್ಕೂ ಕಡಮೆ ಮಳಿಗೆಗಳು ಒಂದರ ನೆರೆಯಲ್ಲಿ ಒಂದಿದ್ದವು.

ಉಗ್ರಾಣದ ಒಳಗೆ ನಡೆಯುತ್ತಿದ್ದ ಕೆಲಸವು ಇನ್ನೂ ಸ್ವಾರಸ್ಯಕರವಾದುದು. ಉಗ್ರಾಣವೆಂದೊಡನೆ ಧಾನ್ಯವನ್ನು ತುಂಬಿ ಬೀಗವಿಕ್ಕಿದ ಕತ್ತಲೆಯ ಕೋಣೆಯ ಚಿತ್ರವು ಕಣ್ಣಮುಂದೆ ಬರುವುದು ಸಹಜ. ವಾಲ್‌ಮಾರ್ಟ್‌ನ ಉಗ್ರಾಣವು ಕೂಡಿಡುವ ಸ್ಥಳಕ್ಕಿಂತ ಹೆಚ್ಚಾಗಿ ಹಾಯ್ದುಹೋಗುವ ಸ್ಥಳ. ಒಂದು ಪಕ್ಕದ ಬಾಗಿಲುಗಳಿಗೆ ತಯಾರಕರ ಲಾರಿಗಳು ಬಂದು ನಿಲ್ಲುತ್ತವೆ. ಇಳಿದ ಸರಕು ಯಾಂತ್ರಿಕ ಪಟ್ಟಿಗಳ ಮೇಲೆ ಸಾಗಿ, ಆಯಾ ಅಂಗಡಿಯ ಬೇಡಿಕೆಗೆ ತಕ್ಕಂತೆ ಬೇರ್ಪಟ್ಟು, ಎದುರು ಪಕ್ಕದಲ್ಲಿ ಕಾದು ನಿಂತ ಸಂಸ್ಥೆಯ ಸ್ವಂತ ಲಾರಿಗಳನ್ನೇರುತ್ತದೆ. ಈ ವಿಧಾನಕ್ಕೆ ‘ಕ್ರಾಸ್ ಡಾಕಿಂಗ್’ ಎಂದು ಹೆಸರು. ಹೀಗೆ ಹಾಯುವ ಸರಕು ಎರಡು ದಿನಗಳಿಗಿಂತ ಹೆಚ್ಚು ಕಾಲ ಅಲ್ಲಿ ತಂಗದಂತೆ ನೋಡಿಕೊಳ್ಳಲಾಗುತ್ತಿತ್ತು. ಅಂಗಡಿಗೆ ಸರಕಿಳಿಸಿ ಮರಳುವ ಲಾರಿಯೂ ಬರಿದಾಗಿ ಬರುವಂತಿರಲಿಲ್ಲ. ದಾರಿಯಲ್ಲಿರುವ ಕಾರ್ಖಾನೆಯಿಂದ ಸರಕನ್ನು ತುಂಬಿಕೊಂಡು ಬರುತ್ತಿತ್ತು. ಸಂಸ್ಥೆಯು ಮಾರುವ ಸರಕಿನಲ್ಲಿ ಶೇಕಡ 85ರಷ್ಟು ಸ್ವಂತ ಉಗ್ರಾಣಗಳ ಮೂಲಕ ಬರುತ್ತಿತ್ತೆಂದೂ, ಅಂಗಡಿಗೆ ಸರಕು ಸಾಗಿಸುವ ವೆಚ್ಚವು ತನಗೆ ಶೇಕಡ ಮೂರಕ್ಕಿಂತ ಕಡಮೆ ಬೀಳುತ್ತಿದ್ದರೆ ಪ್ರತಿಸ್ಪರ್ಧಿಗಳಿಗೆ ನಾಲ್ಕೂವರೆಯಿಂದ ಐದರಷ್ಟು ಬೀಳುತ್ತಿತ್ತೆಂದೂ ವಾಲ್ಟನ್ 1992ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ನೂರಕ್ಕೆ ಎರಡು ಎಂದರೆ ಅಲ್ಪವೆನ್ನಿಸಬಹುದು. ಆದರೆ ಚಿಲ್ಲರೆ ವ್ಯಾಪಾರದಲ್ಲಿ ಉಳಿಯುವ ನಿವ್ವಳ ಲಾಭವೇ ನೂರಕ್ಕೆ ಎರಡು ಮೂರು ಇರುವುದು ಸಾಮಾನ್ಯ. ಒಬ್ಬನ ಲಾಭವೆಲ್ಲವೂ ಮತ್ತೊಬ್ಬನ ಲಾರಿಯ ಖರ್ಚಿನಲ್ಲಿ ಕರಗಿಹೋಗುತ್ತಿತ್ತೆಂದು ಇದರ ತಾತ್ಪರ್ಯ.

ಸರಕಿಗಿಂತ ಸುದ್ದಿ ವೇಗವಾಗಿ ಚಲಿಸಬೇಕು. ಇದು ಈ ವಿದ್ಯೆಯ ಎರಡನೆಯ ಮರ್ಮ. 1974ರ ಜೂನ್ 26ರಂದು ಒಹಾಯೊ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ಮಿನ ಒಂದು ಪೊಟ್ಟಣದ ಮೇಲಿನ ಗೆರೆಸಂಕೇತವನ್ನು ಯಂತ್ರವು ಪ್ರಥಮತಃ ಓದಿತು. ಬಹುಮಂದಿ ವರ್ತಕರಿಗೆ ಅದು ಗಲ್ಲಾಪೆಟ್ಟಿಗೆಯ ಮುಂದಿನ ಸಾಲನ್ನು ಬೇಗ ಕರಗಿಸುವ ಉಪಾಯವಾಗಿ ಮಾತ್ರ ತೋರಿತು. ಯಾವ ವಸ್ತು, ಯಾವ ಅಂಗಡಿಯಲ್ಲಿ, ಯಾವ ಗಳಿಗೆಯಲ್ಲಿ ಮಾರಾಟವಾಯಿತೆಂಬ ದಾಖಲೆಯಾಗಿ ಅದನ್ನು ಕಂಡುದು ವಾಲ್‌ಮಾರ್ಟ್‌ನ ವಿಶೇಷ. 1987ರ ವೇಳೆಗೆ ಸಂಸ್ಥೆಯು ತನ್ನ ಅಂಗಡಿ, ಉಗ್ರಾಣ ಹಾಗೂ ಪ್ರಧಾನ ಕಚೇರಿಗಳನ್ನು ಕೃತಕ ಉಪಗ್ರಹದ ಮೂಲಕ ಜೋಡಿಸಿತು. ಖಾಸಗಿ ಸಂಸ್ಥೆಯೊಂದರ ಅಧೀನದಲ್ಲಿದ್ದ ಅಂತಹ ಜಾಲಗಳಲ್ಲಿ ಆ ದೇಶದಲ್ಲಿ ಅದೇ ಅತಿ ದೊಡ್ಡದಾಗಿತ್ತು.

ಸುದ್ದಿ ತಡವಾದರೆ ಆಗುವ ಅನರ್ಥವೇನು? ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಅಂಗಡಿಯೊಂದು ವಾರಕ್ಕೆ 100 ಸಾಬೂನುಗಳನ್ನು ಮಾರುತ್ತಿದೆಯೆನ್ನೋಣ. ಒಂದು ವಾರ 110 ಮಾರಾಟವಾದವು. ಬೇಡಿಕೆಯು ಏರುತ್ತಿದೆಯೆಂದು ಬಗೆದು ಅಂಗಡಿಯವನು 120 ತರಿಸುತ್ತಾನೆ. 120ರ ಬೇಡಿಕೆಯನ್ನು ಕಂಡ ಸಗಟು ವರ್ತಕನು ಮುಂಜಾಗ್ರತೆಯಿಂದ 140 ಕೇಳುತ್ತಾನೆ. ಕಾರ್ಖಾನೆಯವನು 180 ತಯಾರಿಸುತ್ತಾನೆ. ಮುಂದಿನ ವಾರ ಮಾರಾಟವು ಮತ್ತೆ 100ಕ್ಕೆ ಇಳಿದಾಗ ಎಲ್ಲರ ಬಳಿಯೂ ದಾಸ್ತಾನು ಮಿಕ್ಕು, ಕಾರ್ಖಾನೆಯು ಕೆಲಸ ನಿಲ್ಲಿಸಬೇಕಾಗುತ್ತದೆ. ಹಿಡಿಯ ಬಳಿ ಕೈಯನ್ನು ಕೊಂಚ ಅಲುಗಿಸಿದರೂ ಚಾವಟಿಯ ತುದಿಯು ದೊಡ್ಡದಾಗಿ ತೊನೆಯುವಂತೆ ಇದು ನಡೆಯುವುದರಿಂದ ‘ಚಾವಟಿ ಪರಿಣಾಮ’ವೆಂದು ಹೆಸರಾಗಿದೆ. ಜೇ ಫಾರೆಸ್ಟರ್ ಎಂಬ ವಿದ್ವಾಂಸನು 1961ರಲ್ಲಿಯೇ ಇದರ ಸ್ವರೂಪವನ್ನು ಗ್ರಂಥಸ್ಥಗೊಳಿಸಿದ್ದನು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯವರು ತಮ್ಮ ಹಸುಳೆಗಳ ಒಳಬಟ್ಟೆಯ ವ್ಯಾಪಾರದಲ್ಲಿ ಇದನ್ನೇ ಕಂಡು ಬೆರಗಾದರು: ಶಿಶುಗಳು ಬಟ್ಟೆಯನ್ನು ನೆನೆಸುವುದರಲ್ಲಿ ವಾರದಿಂದ ವಾರಕ್ಕೆ ಏರಿಳಿತವಿಲ್ಲ, ಕಾರ್ಖಾನೆಗೆ ಬರುವ ಬೇಡಿಕೆಯಲ್ಲಿ ಮಾತ್ರ ವಿಪರೀತ ಏರಿಳಿತ!

1987ರಲ್ಲಿ ಈ ಸಂಸ್ಥೆಯ ಹಿರಿಯ ಅಧಿಕಾರಿ ಲೂ ಪ್ರಿಚೆಟ್ ಎಂಬವರು ವಾಲ್ಟನ್ನನ ಜೊತೆಯಲ್ಲಿ ದೋಣಿಯ ವಿಹಾರಕ್ಕೆ ಹೋದ ಸಂದರ್ಭದಲ್ಲಿ ಎರಡು ಸಂಸ್ಥೆಗಳ ಸಂಬಂಧವನ್ನು ಹೊಸದಾಗಿ ರೂಪಿಸುವ ಮಾತು ಮೊದಲಾಯಿತು. ಅಂದಿನವರೆಗೆ ಕೊಳ್ಳುವವನು ಮಾರುವವನಿಂದ ತನ್ನ ಲೆಕ್ಕವನ್ನು ಗುಟ್ಟಾಗಿಡುವುದೇ ವ್ಯಾಪಾರಧರ್ಮವಾಗಿತ್ತು. ಇನ್ನು ಮುಂದೆ ಅಂಗಡಿಯ ದೈನಂದಿನ ಮಾರಾಟದ ಲೆಕ್ಕವನ್ನು ತಯಾರಕನೇ ನೋಡಿಕೊಂಡು, ಬೇಡಿಕೆಯ ಪತ್ರಕ್ಕೆ ಕಾಯದೆ ಸರಕನ್ನು ಕಳುಹಿಸುವ ಪದ್ಧತಿಯು ಬೆಳೆಯಿತು. 1991ರಲ್ಲಿ ‘ರೀಟೇಲ್ ಲಿಂಕ್’ ಎಂಬ ಗಣಕವ್ಯವಸ್ಥೆಯ ಮೂಲಕ ಈ ಸೌಲಭ್ಯವು ಇತರ ತಯಾರಕರಿಗೂ ವಿಸ್ತರಿಸಿತು. ಲೆಕ್ಕದ ಪುಸ್ತಕವನ್ನು ಎದುರಿನವನಿಗೆ ತೆರೆದು ತೋರಿಸುವುದೂ ಒಂದು ಬಲವೆಂಬುದನ್ನು ಒಪ್ಪಲು ಹಳೆಯ ಕಾಲದ ಯಾವ ಶೆಟ್ಟರಿಗೂ ಮನಸ್ಸು ಬರುತ್ತಿರಲಿಲ್ಲ. ಇಂತಹ ಲೆಕ್ಕದಿಂದ ತಿಳಿದುಬಂದ ಸಂಗತಿಗಳಲ್ಲಿ ವಿನೋದಕರವಾದವೂ ಇವೆ. 2004ರಲ್ಲಿ ಫ್ಲೋರಿಡದ ಕಡೆಗೆ ಚಂಡಮಾರುತವು ಬರುತ್ತಿದ್ದಾಗ ಹಿಂದಿನ ಬಿರುಗಾಳಿಯ ಕಾಲದ ಮಾರಾಟವನ್ನು ಪರಿಶೀಲಿಸಲಾಗಿ, ಜನರು ಟಾರ್ಚುಗಳೊಂದಿಗೆ ಹಣ್ಣಿನ ಪಾಕವನ್ನು ತುಂಬಿದ ಒಂದು ಬಗೆಯ ತಿನಿಸನ್ನು ಎಂದಿಗಿಂತ ಹಲವು ಪಟ್ಟು ಕೊಂಡುದು ಕಂಡುಬಂದಿತು. ಒಲೆಯಿಲ್ಲದೆ ತಿನ್ನಬಹುದಾದ ಆ ತಿನಿಸು ಲಾರಿಗಳಲ್ಲಿ ಮುಂಚಿತವಾಗಿಯೇ ಹೊರಟಿತು. ಮರುವರ್ಷ ಕತ್ರೀನಾ ಚಂಡಮಾರುತವು ಲೂಯಿಸಿಯಾನವನ್ನು ಧ್ವಂಸಗೊಳಿಸಿದಾಗ ಕುಡಿಯುವ ನೀರನ್ನು ಹೊತ್ತ ಈ ಸಂಸ್ಥೆಯ ಲಾರಿಗಳು ಕೆಲವೆಡೆ ಸರ್ಕಾರದ ನೆರವಿಗಿಂತ ಮೊದಲೇ ತಲಪಿದವು.

1990ರ ಸುಮಾರಿಗೆ ವಾಲ್‌ಮಾರ್ಟ್ ಸಿಯರ್ಸ್ ಸಂಸ್ಥೆಯನ್ನು ಹಿಂದೆ ಹಾಕಿ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಯಾಯಿತು. ಕೆ-ಮಾರ್ಟ್ 2002ರ ಜನವರಿಯಲ್ಲಿ ದಿವಾಳಿಯ ಅರ್ಜಿಯನ್ನು ಸಲ್ಲಿಸಿತು. ಈ ವಿದ್ಯೆಯು ಗುಪ್ತವಾಗಿರಲಿಲ್ಲವಲ್ಲ, ಇತರರೇಕೆ ಕಲಿಯಲಿಲ್ಲವೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಯಂತ್ರಗಳನ್ನು ಯಾರು ಬೇಕಾದರೂ ಕೊಳ್ಳಬಹುದಾಗಿತ್ತು. ಆದರೆ ದೇಶದ ಮೂಲೆಮೂಲೆಗೆ ಚದುರಿಹೋಗಿದ್ದ ಮಳಿಗೆಗಳನ್ನು ಕಿತ್ತುತಂದು ಉಗ್ರಾಣದ ಸುತ್ತ ನೆಡುವುದು ಯಾರಿಗೂ ಸಾಧ್ಯವಿರಲಿಲ್ಲ. ಅದಲ್ಲದೆ ಕೆ-ಮಾರ್ಟ್ 1984ರಲ್ಲಿ ಪುಸ್ತಕದ ಅಂಗಡಿಗಳನ್ನು ಕೊಂಡಿತು, ಮುಂದೆ ಕ್ರೀಡಾಸಾಮಗ್ರಿಯ ಅಂಗಡಿಗಳನ್ನು ಕೊಂಡಿತು. ಮನಸ್ಸು ಹೀಗೆ ಹಲವೆಡೆ ಹರಿದ ಮೇಲೆ ಲಾರಿಯ ಲೆಕ್ಕವನ್ನು ನೋಡುವವರು ಯಾರು?

ವಾಲ್‌ಮಾರ್ಟ್ ತಾನೇ ಈ ಸೂತ್ರವನ್ನು ಬಿಟ್ಟಲ್ಲಿ ಸೋತಿತು. 1997ರಲ್ಲಿ ಅದು ಜರ್ಮನಿಯನ್ನು ಪ್ರವೇಶಿಸಿ, ವೆರ್ಟ್‌ಕಾಫ್ ಎಂಬ ಸಂಸ್ಥೆಯ 21 ಮಳಿಗೆಗಳನ್ನೂ ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆಗಳನ್ನೂ ಕೊಂಡಿತು. ಬೇರೆ ಬೇರೆಯವರು ಬೇರೆ ಬೇರೆ ಉದ್ದೇಶದಿಂದ ಕಟ್ಟಿದ, ಅಲ್ಲೊಂದು ಇಲ್ಲೊಂದು ಹರಡಿದ ಅಂಗಡಿಗಳವು. ಆಲ್ಡಿಯಂತಹ ಸ್ಥಳೀಯ ಸಂಸ್ಥೆಗಳು ಅಲ್ಲಿ ಮೊದಲೇ ದಟ್ಟವಾಗಿ ಬೇರುಬಿಟ್ಟು, ಕಡಮೆ ಬಗೆಯ ಸರಕನ್ನು ಅತ್ಯಲ್ಪ ವೆಚ್ಚದಲ್ಲಿ ಮಾರುತ್ತಿದ್ದವು. 2006ರಲ್ಲಿ ವಾಲ್‌ಮಾರ್ಟ್ ಆ ದೇಶವನ್ನು ತೊರೆಯಿತು.

ಕರ್ನಾಟಕಕ್ಕೂ ಈ ಚರಿತ್ರೆಯ ಒಂದು ಎಳೆಯು ಬಂದು ಸೇರಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು, ಮನೆಬಾಗಿಲಿನಲ್ಲಿ ಹಣ ಪಡೆದು ಸರಕೊಪ್ಪಿಸುವ ಪದ್ಧತಿಗಾಗಿ ಸ್ವಂತ ಸಾಗಣೆಯ ಅಂಗವನ್ನೇ ಬೆಳೆಸಿಕೊಂಡಿತು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರುಗಳನ್ನು ತೆತ್ತು ಅದರ ಶೇಕಡ 77ರಷ್ಟು ಪಾಲನ್ನು ಕೊಂಡಿತು.

2025ರ ಜನವರಿಗೆ ಮುಗಿದ ವರ್ಷದಲ್ಲಿ ವಾಲ್‌ಮಾರ್ಟ್‌ನ ವರಮಾನವು ಸುಮಾರು 68,000 ಕೋಟಿ ಡಾಲರುಗಳು. ಇಷ್ಟು ದೊಡ್ಡ ಗಿರಾಕಿಯ ಮುಂದೆ ತಯಾರಕನು ಬೆಲೆಯ ವಿಷಯದಲ್ಲಿ ದನಿಯೆತ್ತುವುದು ಕಷ್ಟ. ಅಮೆರಿಕದ ಚಿಕ್ಕ ಊರುಗಳ ಮುಖ್ಯ ಬೀದಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಅನೇಕ ಅಂಗಡಿಗಳು ಬಾಗಿಲು ಹಾಕಿಕೊಂಡವು. ಅವೇ ಊರುಗಳ ಬಡವರಿಗೆ ಸಾಮಾನು ಅಗ್ಗವಾಗಿ ದೊರೆತುದೂ ಅಷ್ಟೇ ನಿಜ. ದಾಸ್ತಾನನ್ನು ಕನಿಷ್ಠಕ್ಕಿಳಿಸಿದ ವ್ಯವಸ್ಥೆಯ ದೌರ್ಬಲ್ಯವು 2020ರ ಸಾಂಕ್ರಾಮಿಕದ ವೇಳೆ ಬರಿದಾದ ಹಲಗೆಗಳ ರೂಪದಲ್ಲಿ ಎಲ್ಲರಿಗೂ ಗೋಚರಿಸಿತು. ಇವೆಲ್ಲವೂ ಬಹುಚರ್ಚಿತ ವಿಷಯಗಳು. ಅಷ್ಟಾಗಿ ಚರ್ಚೆಗೆ ಬಾರದುದು, ಸರಪಳಿಯ ಆಚೆಯ ತುದಿಯಲ್ಲಿ ಈ ಜ್ಞಾನವು ಎಷ್ಟು ದೂರ ಹೋಗುತ್ತದೆಂಬುದು.

2012ರ ನವೆಂಬರ್ 24ರ ರಾತ್ರಿ ಬಾಂಗ್ಲಾದೇಶದ ಢಾಕಾ ನಗರದ ಸಮೀಪದಲ್ಲಿ ತಜ್ರೀನ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಂದಿ ಕೆಲಸಗಾರರು ಮಡಿದರು. ಸುಟ್ಟ ಅವಶೇಷಗಳ ನಡುವೆ ವಾಲ್‌ಮಾರ್ಟ್‌ಗಾಗಿ ಹೊಲಿಯುತ್ತಿದ್ದ ಉಡುಪುಗಳು ದೊರೆತವು. ಆ ಕಾರ್ಖಾನೆಗೆ ತನ್ನ ಅನುಮತಿಯಿರಲಿಲ್ಲವೆಂದೂ, ಸರಕೊದಗಿಸುವವರಲ್ಲೊಬ್ಬರು ತನ್ನ ಅರಿವಿಲ್ಲದೆ ಒಳಗುತ್ತಿಗೆ ಕೊಟ್ಟಿದ್ದರೆಂದೂ ಸಂಸ್ಥೆಯು ಹೇಳಿತು. ಅರ್ಕನ್ಸಾದ ಯಾವ ಅಂಗಡಿಯಲ್ಲಿ ಯಾವ ಗಳಿಗೆಯಲ್ಲಿ ಯಾವ ಸಾಬೂನು ಮಾರಾಟವಾಯಿತೆಂಬುದನ್ನು ಉಪಗ್ರಹದಿಂದ ತಿಳಿಯಬಲ್ಲ ಸಂಸ್ಥೆಗೆ ತನ್ನ ಅಂಗಿಗಳನ್ನು ಯಾವ ಮನೆಯಲ್ಲಿ ಯಾರು ಹೊಲಿಯುತ್ತಿದ್ದರೆಂಬುದು ತಿಳಿದಿರಲಿಲ್ಲ. ಉಗ್ರಾಣದಿಂದ ಅಂಗಡಿಯವರೆಗಿನ ಹಾದಿಯನ್ನು ಬೆಳಗಿಸಿದವರಿಗೆ ಕಾರ್ಖಾನೆಯಿಂದ ಹಿಂದಕ್ಕೆ ಹೋಗುವ ಹಾದಿಯನ್ನು ಬೆಳಗಿಸುವುದರಲ್ಲಿ ಲಾಭವು ಕಾಣದೆಹೋದುದೇ ಇದಕ್ಕೆ ಕಾರಣವೆನ್ನಬೇಕು. ಸಾಮರ್ಥ್ಯದ ಕೊರತೆಯಂತೂ ಕಾರಣವಲ್ಲ.

2013ರ ಜನವರಿಯಲ್ಲಿ ವಾಲ್‌ಮಾರ್ಟ್, ಅನುಮತಿಯಿಲ್ಲದೆ ಒಳಗುತ್ತಿಗೆ ಕೊಡುವ ಸರಬರಾಜುದಾರರೊಂದಿಗೆ ವ್ಯವಹಾರವನ್ನು ಕಡಿದುಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್ 24ರಂದು ಢಾಕಾದ ಹೊರವಲಯದ ರಾಣಾ ಪ್ಲಾಜಾ ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅನಂತರ ಯುರೋಪಿನ ಅನೇಕ ಸಂಸ್ಥೆಗಳು ಕಾರ್ಮಿಕ ಸಂಘಗಳೊಡನೆ ನ್ಯಾಯಾಲಯದಲ್ಲಿ ಸಾಧಿಸಬಹುದಾದ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ವಾಲ್‌ಮಾರ್ಟ್ ಅದಕ್ಕೆ ಸೇರಲಿಲ್ಲ. ಅಮೆರಿಕದ ಇತರ ಕೆಲವು ಸಂಸ್ಥೆಗಳೊಡನೆ ಐದು ವರ್ಷಗಳ ಅವಧಿಯ ಪ್ರತ್ಯೇಕ ಒಕ್ಕೂಟವನ್ನು ರಚಿಸಿಕೊಂಡು ಕಾರ್ಖಾನೆಗಳ ತಪಾಸಣೆಯನ್ನು ನಡೆಸಿತು. ಆ ಒಕ್ಕೂಟದ ಅವಧಿಯು 2018ರಲ್ಲಿ ಮುಗಿಯಿತು.