ಚೀಕ್ ಎಲ್ಲಿ, ಇನ್ಸೊಲೆನ್ಸ್ ಎಲ್ಲಿ!

ಉದ್ಧಟತನಕ್ಕೆ ಇಂಗ್ಲಿಷಿನಲ್ಲಿ ಪದಗಳು ಹಲವು. ನಿಘಂಟಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ; ಬಳಸುವಾಗ ಎಚ್ಚರ ಬೇಕು.

ಬ್ರಿಟಿಷರ ‘ಚೀಕ್’ ಹಗುರವಾದದ್ದು. ಅಜ್ಜನಿಗೆ ಎದುರುತ್ತರ ಕೊಟ್ಟ ಮೊಮ್ಮಗನನ್ನು ‘ಚೀಕಿ’ ಎಂದರೆ ಬೈಗುಳಕ್ಕಿಂತ ಮುದ್ದೇ ಹೆಚ್ಚು. ಅದೇ ಹುಡುಗ ದೊಡ್ಡವನಾಗಿ ಮೇಲಧಿಕಾರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದರೆ ಅದು ‘ಇನ್ಸೊಲೆನ್ಸ್’.

‘ಆಡಾಸಿಟಿ’ಗೆ ಎರಡು ಮುಖ. ಬರಾಕ್ ಒಬಾಮ ತಮ್ಮ 2006ರ ಪುಸ್ತಕಕ್ಕೆ ‘ದಿ ಆಡಾಸಿಟಿ ಆಫ್ ಹೋಪ್’ ಎಂದು ಹೆಸರಿಟ್ಟಾಗ ಅಲ್ಲಿದ್ದದ್ದು ಕೆಚ್ಚು. ಆ ಜಾಗದಲ್ಲಿ ‘ಎಫ್ರಂಟರಿ’ ಇಟ್ಟು ನೋಡಿ, ಪುಸ್ತಕದ ಮಾನವೇ ಹೋಗುತ್ತದೆ! ಆ ಪದದಲ್ಲಿರುವುದು ಬರೀ ನಾಚಿಕೆಗೇಡಿತನ.

ಎಲ್ಲಕ್ಕಿಂತ ರಸವತ್ತಾದದ್ದು ‘ಹುಟ್ಸ್‌ಪಾ’. ಹೀಬ್ರೂವಿನಿಂದ ಯಿಡ್ಡಿಶ್ ಮೂಲಕ ಬಂದದ್ದು. ಲೇಖಕ ಲಿಯೊ ರಾಸ್ಟನ್ 1968ರ ‘ದಿ ಜಾಯ್ಸ್ ಆಫ್ ಯಿಡ್ಡಿಶ್’ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧ: ತಂದೆತಾಯಿಯನ್ನು ಕೊಂದವನೊಬ್ಬ, ತಾನು ಅನಾಥನೆಂದು ನ್ಯಾಯಾಲಯದಲ್ಲಿ ಕರುಣೆ ಬೇಡುತ್ತಾನೆ. ಅಮೆರಿಕನ್ನರು ಈ ಪದವನ್ನು ಹೊಗಳಿಕೆಯಾಗಿಯೂ ಬಳಸುವುದುಂಟು. ಕನ್ನಡದ ‘ಭಂಡತನ’ ಹತ್ತಿರ ಬಂದರೂ ಆ ಮೆಚ್ಚುಗೆಯ ಎಳೆ ಅದರಲ್ಲಿಲ್ಲ.

ಇನ್ನು ‘ನರ್ವ್’. ‘ವಾಟ್ ಎ ನರ್ವ್’ ಎಂದರೆ ಸಿಟ್ಟು, ‘ಹಿ ಹೆಲ್ಡ್ ಹಿಸ್ ನರ್ವ್’ ಎಂದರೆ ಶಹಬ್ಬಾಸ್. ಕಚೇರಿಯ ಪತ್ರದಲ್ಲಿ ಇವುಗಳಲ್ಲಿ ಯಾವುದೆಂದು ಅನುಮಾನ ಬಂದರೆ, ‘ರೂಡ್’ ಎಂದಷ್ಟೇ ಬರೆದರೂ ಕೆಲಸ ನಡೆಯುತ್ತದೆ.