‘ಟ್ರೇಡ್’: ಜಾಡಿನಿಂದ ವ್ಯಾಪಾರದವರೆಗೆ

ಇಂಗ್ಲಿಷ್ ಪಾಠದಲ್ಲಿ ‘ಟ್ರೇಡ್’ ಎಂಬ ಪದ ಬಂದೊಡನೆ ಅದರ ಮುಂದೆ ‘ವ್ಯಾಪಾರ’ ಎಂದು ಬರೆಸುವುದು ರೂಢಿ. ಅದು ತಪ್ಪಲ್ಲ; ಆದರೆ ಅಷ್ಟೇ ಸಾಲದು. ಭೂಗೋಳದಲ್ಲಿ ‘ವಾಣಿಜ್ಯ ಮಾರುತ’ಗಳನ್ನು ಓದುವ, ಹತ್ತನೆಯ ತರಗತಿಯ ಬಳಿಕ ಐಟಿಐ ಅರ್ಜಿಯಲ್ಲಿ ‘ಟ್ರೇಡ್’ ಎಂಬ ಅಂಕಣವನ್ನು ತುಂಬುವ, ಪತ್ರಿಕೆಯಲ್ಲಿ ‘ಟ್ರೇಡ್ ಯೂನಿಯನ್’ ಎಂಬ ಮಾತನ್ನು ಕಾಣುವ ವಿದ್ಯಾರ್ಥಿಗೆ ಈ ಒಂದೇ ಅರ್ಥ ದಾರಿ ತಪ್ಪಿಸುತ್ತದೆ. ಈ ಮೂರರಲ್ಲಿಯೂ ಕೊಳ್ಳುವ, ಮಾರುವ ಮಾತಿಲ್ಲ. ಹಾಗಿದ್ದರೂ ಪದ ಒಂದೇ ಆಗಿರುವುದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ.

ಪದದ ಮೂಲ

‘ಟ್ರೇಡ್’ ಪದವು 14ನೆಯ ಶತಮಾನದಲ್ಲಿ ಉತ್ತರ ಜರ್ಮನಿಯ ಕೆಳಜರ್ಮನ್ ನುಡಿಯಿಂದ ಇಂಗ್ಲಿಷಿಗೆ ಬಂದಿತು. ಅಲ್ಲಿ ಅದರ ಅರ್ಥ ಜಾಡು, ಸಾಗುವ ಹಾದಿ. ತುಳಿ, ಹೆಜ್ಜೆಯಿಡು ಎಂಬ ಅರ್ಥದ ‘ಟ್ರೆಡ್’ ಎಂಬ ಇಂಗ್ಲಿಷ್ ಕ್ರಿಯಾಪದ ಇದರ ಜ್ಞಾತಿ ಪದ. ತುಳಿದು ತುಳಿದು ಮೂಡಿದ ಜಾಡು ಕ್ರಮೇಣ ನಿತ್ಯ ಹಿಡಿಯುವ ಹಾದಿ ಎನಿಸಿತು. 16ನೆಯ ಶತಮಾನದಲ್ಲಿ ನಿತ್ಯ ಮಾಡುವ ಕಸುಬಿಗೂ ಕೊಡುಕೊಳ್ಳುವ ವ್ಯವಹಾರಕ್ಕೂ ಹೆಸರಾಯಿತು.

ಕನ್ನಡಿಗರಿಗೆ ಇಂತಹ ಅರ್ಥವಿಸ್ತಾರ ಅಪರಿಚಿತವಲ್ಲ. ‘ನಡೆ’ ಎಂದರೆ ಕಾಲಿನಿಂದ ನಡೆಯುವುದು. ಅದರಿಂದಲೇ ‘ನಡತೆ’ ಹುಟ್ಟಿತು. ‘ಅಂಗಡಿ ನಡೆಸುತ್ತಾನೆ’, ‘ಈ ನೋಟು ನಡೆಯುವುದಿಲ್ಲ’ ಎಂದಾಗ ಅದೇ ಮಾತು ಸಂತೆಯೊಳಕ್ಕೂ ಬಂದಿರುತ್ತದೆ.

ಮೂರು ಪ್ರಯೋಗಗಳು

1. ಮಾರುತ: ಸುಮಾರು 30 ಡಿಗ್ರಿ ಅಕ್ಷಾಂಶಗಳಿಂದ ಸಮಭಾಜಕ ವೃತ್ತದ ಕಡೆಗೆ ಬೀಸುವ ಈ ಗಾಳಿ ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ಬರುತ್ತದೆ. ದಿಕ್ಕು ಬಿಡದೆ ಒಂದೇ ಜಾಡಿನಲ್ಲಿ ಬೀಸುವುದರಿಂದ ಅದಕ್ಕೆ ‘ಟ್ರೇಡ್’ ಎಂಬ ವಿಶೇಷಣ ಬಂದಿತು. ಹಾಯಿಹಡಗಿನ ವರ್ತಕರಿಗೆ ಅದು ಬಹಳ ನೆರವಾದುದರಿಂದ ಹೆಸರೂ ವ್ಯಾಪಾರದಿಂದಲೇ ಬಂದಿತೆಂಬ ಭಾವನೆ ಆಮೇಲೆ ಬೆಳೆಯಿತು. ಕನ್ನಡದ ‘ವಾಣಿಜ್ಯ ಮಾರುತ’, ಮಲಯಾಳದ ‘ವಾಣಿಜ್ಯವಾತ’, ತಮಿಳಿನ ‘ವಿಯಾಪಾರಕ್ ಕಾಟ್ರು’, ತೆಲುಗಿನ ‘ವ್ಯಾಪಾರ ಪವನಾಲು’, ಮರಾಠಿಯ ‘ವ್ಯಾಪಾರೀ ವಾರೆ’ ಎಲ್ಲವೂ ಆ ಭಾವನೆಯ ಅನುವಾದಗಳೇ. ಆದ್ದರಿಂದ ಗಡಿನಾಡಿನ ಮಗು ನೆರೆಭಾಷೆಯಲ್ಲಿ ಕೇಳಿದರೂ ಗೊಂದಲ ಹಾಗೆಯೇ ಉಳಿಯುತ್ತದೆ. ‘ಪ್ರತಿವಾಣಿಜ್ಯ ಮಾರುತ’ ಎಂದಾಗಲಂತೂ ಅದು ವ್ಯಾಪಾರಕ್ಕೆ ಅಡ್ಡಿಪಡಿಸುವ ಗಾಳಿಯೆಂದು ಮಗು ತಿಳಿದರೆ ಆಶ್ಚರ್ಯವಿಲ್ಲ.

2. ಕಸುಬು: ಐಟಿಐಯ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಇವೆಲ್ಲ ‘ಟ್ರೇಡ್’ಗಳು. ಇಲ್ಲಿನ ಅರ್ಥ ಕಲಿತು ಮಾಡುವ ಕೈಕಸುಬು. ‘ಜ್ಯಾಕ್ ಆಫ್ ಆಲ್ ಟ್ರೇಡ್ಸ್’ ಎಂಬುವನೂ ವ್ಯಾಪಾರಿಯಲ್ಲ. ಎಲ್ಲ ಕಸುಬುಗಳಲ್ಲಿಯೂ ಕೈಯಾಡಿಸುವವನು.

3. ಸಂಘ: ಒಂದು ಕಸುಬಿನವರು ಕೂಡಿ ಕಟ್ಟಿಕೊಂಡ ಕೂಟಕ್ಕೆ ಇಂಗ್ಲೆಂಡಿನಲ್ಲಿ ‘ಟ್ರೇಡ್ ಯೂನಿಯನ್’ ಎಂಬ ಹೆಸರಾಯಿತು. ಕನ್ನಡದಲ್ಲಿ ಅದನ್ನು ‘ವರ್ತಕರ ಸಂಘ’ ಎನ್ನದೆ ‘ಕಾರ್ಮಿಕ ಸಂಘ’ ಎಂದಿರುವುದು ಅರ್ಥವನ್ನರಿತ ಅನುವಾದ.

‘ವ್ಯಾಪಾರ’ವೂ ಹೀಗೆಯೇ

ಸಂಸ್ಕೃತದಲ್ಲಿ ‘ವ್ಯಾಪಾರ’ ಎಂದರೆ ಕೆಲಸದಲ್ಲಿ ತೊಡಗಿರುವಿಕೆ, ಚಟುವಟಿಕೆ. ‘ಮನೋವ್ಯಾಪಾರ’ ಎಂಬ ಮಾತಿನಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಬಳಕೆಯಲ್ಲಿ ಅದು ಕೊಡುಕೊಳ್ಳುವಿಕೆಗೆ ಸೀಮಿತವಾದುದು ಅರ್ಥಸಂಕೋಚಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷಿನ ‘ಬಿಸಿನೆಸ್’ ಕೂಡ ‘ಬಿಸಿ’, ಅಂದರೆ ಕೆಲಸದಲ್ಲಿ ನಿರತ ಎಂಬ ಪದದಿಂದಲೇ ಹುಟ್ಟಿದೆ.

ತರಗತಿಯಲ್ಲಿ

ಶಿಕ್ಷಕರು ಕಪ್ಪುಹಲಗೆಯ ಮೇಲೆ ‘ಜಾಡು – ನಿತ್ಯದ ಹಾದಿ – ಕಸುಬು – ವ್ಯಾಪಾರ’ ಎಂಬ ಸಾಲನ್ನು ಬರೆಯಲಿ. ‘ಕಾರ್ಪೆಂಟ್ರಿ ಈಸ್ ಹಿಸ್ ಟ್ರೇಡ್’, ‘ದ ಟ್ರೇಡ್ ವಿಂಡ್ಸ್ ಬ್ಲೋ ಸ್ಟೆಡಿಲಿ’, ‘ಇಂಡಿಯಾ ಟ್ರೇಡ್ಸ್ ವಿತ್ ಜಪಾನ್’ ಎಂಬ ವಾಕ್ಯಗಳನ್ನು ಕೊಟ್ಟು, ಪ್ರತಿಯೊಂದೂ ಸಾಲಿನ ಯಾವ ಮೆಟ್ಟಿಲಿಗೆ ಸೇರುತ್ತದೆಂದು ಕೇಳಲಿ. ‘ಮರಗೆಲಸ ಅವನ ವ್ಯಾಪಾರ’ ಎಂದು ಅನುವಾದಿಸಿದ ಮಗುವಿಗೆ ತಪ್ಪೆಂದು ಗೆರೆ ಎಳೆಯುವ ಬದಲು, ಮರಗೆಲಸದವನು ಮಾರುವುದೇನು, ಮಾಡುವುದೇನು ಎಂದು ಕೇಳಿದರೆ ‘ಕಸುಬು’ ಎಂಬ ಉತ್ತರ ಮಗುವಿನಿಂದಲೇ ಬರುತ್ತದೆ. ಮನೆಯಲ್ಲಿ ಯಾರ ಕಸುಬು ಯಾವುದು, ಅದಕ್ಕೆ ನೆರೆಭಾಷೆಯಲ್ಲಿ ಏನೆನ್ನುತ್ತಾರೆ ಎಂಬುದನ್ನು ಬರೆದು ತರುವಂತೆ ಹೇಳಬಹುದು.

ಎರಡು ಎಚ್ಚರಿಕೆಗಳು ಅಗತ್ಯ. ಪರೀಕ್ಷೆಯಲ್ಲಿ ಪಠ್ಯದ ಪದವಾದ ‘ವಾಣಿಜ್ಯ ಮಾರುತ’ವನ್ನೇ ಬರೆಯಬೇಕು, ಬದಲಾಗಬೇಕಾದುದು ಹೆಸರಲ್ಲ, ಅದರ ವಿವರಣೆ. ಇನ್ನು, ಮೂಲದಲ್ಲಿ ಜಾಡು ಎಂಬ ಅರ್ಥವಿದ್ದ ಮಾತ್ರಕ್ಕೆ ಇಂದಿನ ‘ವ್ಯಾಪಾರ’ ಎಂಬ ಅರ್ಥ ಸುಳ್ಳಾಗುವುದಿಲ್ಲ. ಪದದ ಅರ್ಥವನ್ನು ನಿರ್ಣಯಿಸುವುದು ವಾಕ್ಯ. ಆ ಅರ್ಥ ಎಲ್ಲಿಂದ ಬಂದಿತೆಂದು ತಿಳಿಸುವುದು ಚರಿತ್ರೆ. ಇವೆರಡನ್ನೂ ನೋಡುವ ಅಭ್ಯಾಸವಾದರೆ ವಿದ್ಯಾರ್ಥಿ ನಿಘಂಟಿನ ಮೊದಲ ಅರ್ಥಕ್ಕೇ ನಿಂತುಬಿಡುವುದಿಲ್ಲ.