ಮಗಳನ್ನು ಕರೆತರಲು ಹೊರಟವಳಿಗೆ

ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾದಿಂದ ಎನ್‌ಒಸಿ ಬಂತು, ಮಗುವಿರುವ ಭುವನೇಶ್ವರಕ್ಕೆ ಹೊರಡುವುದೊಂದೇ ಬಾಕಿ ಅಂದೆಯಲ್ಲ, ಕೇಳಿ ಜೀವಕ್ಕೆ ತಂಪಾಯಿತು ಕಣೇ. ದತ್ತು ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ಅಂತ ನನ್ನನ್ನು ಕೇಳಿದ್ದೀಯ. ದೊಡ್ಡಮ್ಮನ ಸಲಿಗೆಯಿಂದ ಹೇಳುತ್ತೇನೆ: ಮೊದಲ ದಿನ ಅಲ್ಲಿ ಏನೇ ಕಂಡರೂ ಅದರಿಂದ ಮಗುವನ್ನು ಅಳೆಯಬೇಡ, ನಿಮ್ಮನ್ನೂ ಅಳೆದುಕೊಳ್ಳಬೇಡ.

ಕಾಗದದ ಕೆಲಸ ಮೊದಲು ಮುಗಿಸಿಬಿಡೋಣ. ಮೈಸೂರಲ್ಲಿ ಹುಟ್ಟಿದ್ದರೂ ನೀನೀಗ ಅಮೆರಿಕದ ಪ್ರಜೆ. ಕಾನೂನಿನ ಪ್ರಕಾರ ಇದು ಅಂತರದೇಶೀಯ ದತ್ತು. ಹೊರದೇಶಕ್ಕೆ ಮಕ್ಕಳನ್ನು ಕಳಿಸುವುದರಲ್ಲಿ ಅಕ್ರಮ ನಡೆಯುತ್ತಿದೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರದಿಂದ 1984ರಲ್ಲಿ ಮಹತ್ವದ ತೀರ್ಪು ಬಂತು. 2003ರಲ್ಲಿ ಭಾರತ ಅಂತರದೇಶೀಯ ದತ್ತಿನ ಹೇಗ್ ಒಪ್ಪಂದವನ್ನೂ ಅನುಮೋದಿಸಿತು. ನಿನಗೆ ಕಿರಿಕಿರಿ ಅನ್ನಿಸುವ ಒಂದೊಂದು ಸಹಿ, ಮೊಹರಿನ ಹಿಂದೆಯೂ ಮಕ್ಕಳು ಮಾರಾಟವಾಗಬಾರದು ಎಂಬ ಕಾಳಜಿಯಿದೆ. ಆದ್ದರಿಂದ ಬೇಗ ಮಾಡಿಸಿಕೊಡುತ್ತೇನೆ ಅನ್ನುವವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ನಿಗದಿಯಾದ ಶುಲ್ಕಕ್ಕೆ ರಸೀದಿ ತಗೊಳ್ಳಿ. 'ದೇಣಿಗೆ' ಅಂತ ಒಂದು ರೂಪಾಯಿಯನ್ನೂ ಮೇಲೆ ಕೊಡಬೇಡಿ.

ಹಿಂದೆ ಕೋರ್ಟಿನಿಂದ ಬರುತ್ತಿದ್ದ ದತ್ತು ಆದೇಶ 2022ರಿಂದ ಜಿಲ್ಲಾಧಿಕಾರಿಯಿಂದ ಬರುತ್ತಿದೆ. ಆದೇಶವಾದ ಮೇಲೆ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಮಗುವಿಗೆ ಭಾರತದ ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ಅಮೆರಿಕದ ವೀಸಾ ಆಗಬೇಕು. ಒಂದು ತಡವಾದರೆ ಮಿಕ್ಕದ್ದೆಲ್ಲ ತಡ. ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟನ್ನೇ ತಗೊಳ್ಳಿ. ಆಫೀಸಿನ ರಜೆಯಲ್ಲಿ ಸ್ವಲ್ಪ ಉಳಿಸಿಟ್ಟುಕೊಳ್ಳಿ. ವಿಮಾನ ಇಳಿದ ದಿನವೇ ಮಗುವನ್ನು ನೋಡಲು ಓಡಬೇಡಿ. ನಿದ್ದೆಗೆಟ್ಟ ಮುಖ ಮಗುವಿಗೆ ಸಿಟ್ಟಿನ ಮುಖದ ಹಾಗೆ ಕಾಣುತ್ತದೆ.

ಈಗ ಆ ಬಾಗಿಲು ದಾಟುವ ಗಳಿಗೆ. ಒಳಗೆ ಫಿನಾಯಿಲ್ ವಾಸನೆ, ಸಾಲು ಸಾಲು ಮಂಚ, ಒಗೆದು ಬಣ್ಣ ಮಾಸಿದ ಬಟ್ಟೆ ಕಂಡಾವು. ಹೇನಿಗೆ ಹೆದರಿ ತಲೆ ಬೋಳಿಸಿರಬಹುದು. ಫೋಟೋದಲ್ಲಿ ನೋಡಿದ ಗುಂಗುರು ಕೂದಲು ಇರಲಿಕ್ಕಿಲ್ಲ. ಮೂರು ದಾಟಿದ ಹುಡುಗಿ ಎರಡರವಳ ಹಾಗೆ ಕಾಣಬಹುದು. ಅಯ್ಯೋ ಅನ್ನಿಸಿದರೂ ಮುಖದಲ್ಲಿ ತೋರಿಸಬೇಡ. ಅಲ್ಲಿನ ಆಯಾಗಳು ಕಡಿಮೆ ಸಂಬಳಕ್ಕೆ, ಎರಡೇ ಕೈಯಲ್ಲಿ ಹತ್ತಾರು ಮಕ್ಕಳನ್ನು ನೋಡಿಕೊಂಡವರು. ನಿನ್ನ ಮಗಳನ್ನು ಇಷ್ಟು ದಿನ ಉಳಿಸಿಕೊಟ್ಟವರೂ ಅವರೇ.

ನೀವು ಒಳಗೆ ಹೋದ ಕೂಡಲೇ ಮಕ್ಕಳೆಲ್ಲ ಬಂದು ಸೆರಗು ಹಿಡಿದಾರು. ನಿನ್ನ ಮಗು ಮಾತ್ರ ಆಯಾಳ ಹಿಂದೆ ಅಡಗಿ, ನೀನು ಎತ್ತಿಕೊಂಡರೆ ಉಸಿರು ಕಟ್ಟುವ ಹಾಗೆ ಅತ್ತೀತು. ಅದಕ್ಕೆ ಹೆದರಬೇಡ. ಒಬ್ಬರನ್ನು ಬಿಟ್ಟು ಬರಲು ಅಳುವ ಮಗು ಪ್ರೀತಿಸುವುದನ್ನು ಕಲಿತಿದೆ ಅಂತ ಅರ್ಥ. ಅಂಥ ಮಗು ನಿಮ್ಮನ್ನೂ ಹಚ್ಚಿಕೊಳ್ಳುತ್ತದೆ. ಬಂದ ಗಳಿಗೆಯಲ್ಲೇ ಮಡಿಲೇರಿ 'ಮಾ' ಅಂದರೆ ಸಂತೋಷಪಡು, ಆದರೆ ಗೆದ್ದೆವು ಅಂದುಕೊಳ್ಳಬೇಡ. ಯಾರು ಕರೆದರೂ ಹೋಗುವ ಮಗುವಿಗೆ ತನ್ನವರು ಯಾರು ಎಂಬುದು ಇನ್ನೂ ಗೊತ್ತಾಗಿರುವುದಿಲ್ಲ. ಅದನ್ನು ದಿನದಿನವೂ ಉಣಿಸಿ, ಮಲಗಿಸಿ ನೀವಿಬ್ಬರೇ ತಿಳಿಸಬೇಕು.

ಅಳಿಯಂದಿರಿಗೂ ಒಂದು ಮಾತು ಹೇಳು. ಆಯಾಗಳ ನಡುವೆಯೇ ಬೆಳೆದ ಮಗು ಗಂಡಸರನ್ನು ನೋಡಿರುವುದೇ ಕಡಿಮೆ. ಅವರ ಮೀಸೆ ಕಂಡು, ದಪ್ಪ ದನಿ ಕೇಳಿ ಕಿರುಚಿದರೆ ಬೇಜಾರು ಮಾಡಿಕೊಳ್ಳದೆ ನೆಲದ ಮೇಲೆ ಕೂತು ಸುಮ್ಮನೆ ಚೆಂಡು ಉರುಳಿಸಲಿ. ಮಗು ತಾನಾಗಿ ಹತ್ತಿರ ಬರಲಿ.

ಹೊರಡುವ ಮುಂಚೆ ಆಯಾಳ ಹತ್ತಿರ ಕೂತು ಕೇಳು: ಏನು ತಿನ್ನುತ್ತಾಳೆ, ಹೇಗೆ ಮಲಗುತ್ತಾಳೆ, ಯಾವ ಹಾಡಿಗೆ ಸುಮ್ಮನಾಗುತ್ತಾಳೆ. ಆಯಾ ಹಾಡುವ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳು. ನಿನ್ನ ಕನ್ನಡ, ಇಂಗ್ಲಿಷ್ ಎರಡೂ ಅವಳಿಗೆ ಬರುವುದಿಲ್ಲ. ಪಾಣಿ, ಭಾತ, ಭೋಕ, ನಿದ ಹೀಗೆ ಒಡಿಯಾದ ನಾಲ್ಕು ಮಾತು ಕಲಿತು ಹೋಗು. ಒಡಿಶಾದಲ್ಲಿ ಬೇಸಿಗೆಗೆ ಪಖಾಳ ಅಂತ ನೀರಲ್ಲಿ ನೆನೆಸಿದ ಅನ್ನ ಉಣ್ಣುತ್ತಾರೆ. ಅವಳಿಗೆ ಅನ್ನ, ಬೇಳೆಯೇ ಅಮೃತ. ಪಿಜ್ಜಾ, ಚಾಕೊಲೇಟು ಆಮೇಲಾಗಲಿ. ಬಿಸ್ಕತ್ತನ್ನು ದಿಂಬಿನಡಿ ಬಚ್ಚಿಟ್ಟರೆ ಗದರಬೇಡ. ಎಲ್ಲರಿಗೂ ಹಂಚಿ ತಿಂದು ಬೆಳೆದವಳು; ನಾಳೆಯೂ ಊಟ ಸಿಗುತ್ತದೆ ಎಂಬ ಧೈರ್ಯ ಬರುವ ತನಕ ಬಚ್ಚಿಡುತ್ತಾಳೆ.

ಮೈಮೇಲಿನ ಹಳೆಯ ಫ್ರಾಕನ್ನು ಎಸೆಯಬೇಡ, ಸದ್ಯಕ್ಕೆ ಒಗೆಯಲೂ ಬೇಡ. ಅವಳಿಗೆ ಗೊತ್ತಿರುವ ವಾಸನೆ ಅದೊಂದೇ. ಕರೆದು ರೂಢಿಯಾದ ಹೆಸರನ್ನೂ ಉಳಿಸಿಕೊಳ್ಳಿ. ನೀವಿಡುವ ಹೆಸರು ಅದರ ಜತೆಗಿರಲಿ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು ಅಂತ ದತ್ತು ನಿಯಮಗಳಲ್ಲೇ ಇದೆ. ಸಂಸ್ಥೆಯ, ಅಲ್ಲಿನ ಬೀದಿಯ ಫೋಟೋ ಈಗಲೇ ಕೂಡಿಡು.

ಅಮೆರಿಕದಲ್ಲಿ ಇಳಿದಾಗ ಏರ್‌ಪೋರ್ಟಿಗೆ ಬಲೂನು, ಬಂಧುಬಳಗ ಬೇಡ. ಹೊರದೇಶಕ್ಕೆ ನಿಜವಾಗಿ ಹೋಗುತ್ತಿರುವವಳು ಅವಳು. ನಿಮಗೆ ಅದು ಮನೆ. ಅವಳಿಗೆ ಚಳಿ, ಮೌನ, ಗುರುತಿಲ್ಲದ ಮುಖಗಳು. ಗುಲಾಬಿ ಬಣ್ಣ ಹೊಡೆಸಿದ ಅವಳ ಕೋಣೆ ಕಾಯಲಿ. ಹತ್ತು ಮಕ್ಕಳ ಉಸಿರಾಟ ಕೇಳುತ್ತಾ ಮಲಗಿದವಳನ್ನು ಒಂಟಿಯಾಗಿ ಮಲಗಿಸಿದರೆ ಹೆದರುತ್ತಾಳೆ; ಮಂಚವನ್ನು ನಿಮ್ಮ ಕೋಣೆಗೇ ಹಾಕಿ. ಎರಡು ವರ್ಷ ಸಮಾಜ ಕಾರ್ಯಕರ್ತರು ಬಂದು ನೋಡಿ ವರದಿ ಕಳಿಸುತ್ತಾರೆ. ಅದನ್ನು ಪರೀಕ್ಷೆ ಅಂದುಕೊಂಡು ಮನೆ ಸಿಂಗರಿಸಬೇಡ. ಕಷ್ಟವಿದ್ದರೆ ಬಾಯಿಬಿಟ್ಟು ಹೇಳು. ನಿನಗೇ ಪ್ರೀತಿ ಉಕ್ಕಿ ಬರದಿದ್ದರೂ ಗಾಬರಿಯಾಗಬೇಡ. ಹೆತ್ತ ತಾಯಂದಿರಿಗೂ ಎಷ್ಟೋ ಸಲ ಅದು ನಿಧಾನವಾಗಿಯೇ ಬರುತ್ತದೆ.

ಇನ್ನು ನಮ್ಮವರ ಬಾಯಿ. 'ಪುಣ್ಯದ ಕೆಲಸ ಮಾಡಿದಿರಿ' ಅನ್ನುತ್ತಾರೆ. ಯಾರ ಮಗು, ಯಾವ ಜಾತಿ, ಯಾವ ನಕ್ಷತ್ರ ಅಂತ ಕೆದಕುತ್ತಾರೆ. 'ನಮ್ಮ ಮಗು' ಅಂತ ಒಂದೇ ಉತ್ತರ ಕೊಟ್ಟು ಮಾತು ತಿರುಗಿಸು. ಪುಣ್ಯದ ಲೆಕ್ಕದಲ್ಲಿ ಬೆಳೆದ ಮಗು ಜೀವನಪೂರ್ತಿ ಋಣ ತೀರಿಸುತ್ತಾ ಬದುಕಬೇಕಾಗುತ್ತದೆ. ಅವಳು ನಿಮಗೆ ಏನೂ ಬಾಕಿ ಉಳಿಸಿಕೊಂಡಿಲ್ಲ.

ಈ ಸಲ ಮೈಸೂರಿಗೆ ಬರದಿದ್ದರೆ ನಾವ್ಯಾರೂ ಬೇಸರಪಡುವುದಿಲ್ಲ. ತೊಟ್ಟಿಲ ಶಾಸ್ತ್ರ, ಹೆಸರಿಡುವ ಊಟ ಎಲ್ಲ ಮುಂದಿನ ವರ್ಷ ಆಗಲಿ, ಅವಳು ನಿನ್ನ ಸೆರಗು ಬಿಟ್ಟು ನಮ್ಮ ಕಡೆ ಬರುವಷ್ಟು ಧೈರ್ಯ ಬಂದ ಮೇಲೆ. ಅಲ್ಲಿಯ ತನಕ ಯಾರ ಮಾತಿಗೂ ಆತುರಪಡಬೇಡ. ಹೋಗಿ ಬಾ, ಒಳ್ಳೆಯದಾಗಲಿ.